ಕಾಲ ಮುಟ್ಟದ ಕಲ್ಲೂ ಮೊಸರಿನವಳ ಮಗಳೂ

ಬನ್ನಿ, ಹತ್ತಿರ ಬನ್ನಿ. ಗೋಡೆಗೆ ಒರಗುವವರು ಒರಗಿ, ಮಡಿಲಿಗೆ ಬರುವವರು ಬನ್ನಿ. ಕಾಲು ಚಾಚಬೇಕು ಅನ್ನಿಸಿದರೆ ಚಾಚಿಕೊಳ್ಳಿ, ಕಥೆಗೆ ಕಾಲು ತಾಗಿದರೆ ದೋಷವೇನಿಲ್ಲ. ಒಂದೇ ಮಾತು, ನಡುವೆ ಎದ್ದು ಹೋಗಬಾರದು. ಅರ್ಧ ಕೇಳಿದ ಕಥೆ ಅರ್ಧ ಬೆಂದ ಮುದ್ದೆ ಇದ್ದ ಹಾಗೆ, ಗಂಟಲಲ್ಲೂ ಇಳಿಯುವುದಿಲ್ಲ, ಹೊಟ್ಟೆಯಲ್ಲೂ ಕರಗುವುದಿಲ್ಲ.

ಒಂದೂರು. ಮೂರು ಕಡೆ ಹೊಳೆ, ಒಂದು ಕಡೆ ದಾರಿ. ಆ ಊರಿನಲ್ಲಿ ಹೆಸರಿಡುವ ರೂಢಿ ಇರಲಿಲ್ಲ. ಯಾರು ಏನು ಮಾಡುತ್ತಾರೋ ಅದೇ ಅವರ ಹೆಸರು. ದೋಣಿ ನಡೆಸುವವನು ದೋಣಿಯವನು. ಸುಣ್ಣ ಸುಡುವವಳು ಸುಣ್ಣದವಳು. ಹಾಲಿಗೆ ಹೆಪ್ಪು ಹಾಕಿ ಮೊಸರು ಮಾರುವವಳು ಮೊಸರಿನವಳು. ಇನ್ನೂ ಕೆಲಸ ಕಲಿಯದ ಮಕ್ಕಳಿಗೆ, ಅವು ಹೆಚ್ಚು ಆಡುವ ಮಾತೇ ಹೆಸರು.

ಊರ ನಡುವೆ ಚೌಕ. ಚೌಕದಲ್ಲಿ ಒಂದು ಕೊಪ್ಪರಿಗೆ ತುಂಬ ನೀರು, ನೀರಿನ ಮೇಲೆ ತೇಲುವ ಒಂದು ತಾಮ್ರದ ಬಟ್ಟಲು. ಬಟ್ಟಲಿನ ತಳದಲ್ಲಿ ಕೂದಲೆಳೆಯಷ್ಟು ತೂತು. ಆ ತೂತಿನಿಂದ ನೀರು ಜಿನುಗಿ ಜಿನುಗಿ, ಬಟ್ಟಲು ತುಂಬಿ, ಗುಳುಕ್ ಅಂತ ಮುಳುಗುತ್ತಿತ್ತು. ಪಕ್ಕದಲ್ಲಿ ಕೂತ ಬಟ್ಟಲಜ್ಜ ಜಾಗಟೆಗೆ ಒಂದೇಟು ಹೊಡೆಯುತ್ತಿದ್ದ, ಡಣ್! ಮತ್ತೆ ಬಟ್ಟಲೆತ್ತಿ ತೇಲಿಬಿಡುತ್ತಿದ್ದ. ಆ ಡಣ್ಣಿಗೆ ಊರು ಏಳುತ್ತಿತ್ತು, ಆ ಡಣ್ಣಿಗೆ ಊರು ಉಣ್ಣುತ್ತಿತ್ತು. ಒಂದು ಬಟ್ಟಲು ಅಂದರೆ ಸಣ್ಣದಲ್ಲ ಮತ್ತೆ. ಅದು ಮುಳುಗುವುದರೊಳಗೆ ಹೊಳೆಗೆ ಹೋಗಿ, ಮನೆಮಂದಿಯ ಬಟ್ಟೆಯನ್ನೆಲ್ಲ ಒಗೆದು, ಹಿಂಡಿಕೊಂಡು ಬರಬಹುದಿತ್ತು.

ಕೊಪ್ಪರಿಗೆಯಿಂದ ಇಪ್ಪತ್ತು ಹೆಜ್ಜೆ ಆಚೆ ಒಂದು ಕಲ್ಲು. ಹಾಲಿನ ಬಣ್ಣದ್ದು, ಮಗು ಕೂರುವಷ್ಟು ಅಗಲದ್ದು. ಅದನ್ನು ಕಾಲ ಮುಟ್ಟದ ಕಲ್ಲು ಅನ್ನುತ್ತಿದ್ದರು. ಲೋಕ ಹುಟ್ಟಿದಾಗ ಕಾಲ ಅನ್ನುವವಳು, ಮನೆ ಸಾರಿಸುವ ಹೆಂಗಸಿನ ಹಾಗೆ, ನೆಲವನ್ನೆಲ್ಲ ಸಾರಿಸುತ್ತಾ ಹಿಂದೆ ಹಿಂದೆ ಸರಿದಳಂತೆ. ಅವಳ ಕೈಯಾಡಿದ ಕಡೆಯೆಲ್ಲ ಹಸಿಯದು ಒಣಗಿತು, ಕಾಯಿ ಹಣ್ಣಾಯಿತು, ಕರು ಹಸುವಾಯಿತು. ಈ ಕಲ್ಲಿನಷ್ಟು ಜಾಗ ಮಾತ್ರ ಸಾರಣೆ ತಪ್ಪಿ ಉಳಿದುಬಿಟ್ಟಿತಂತೆ. ಹಿರಿಯರು ಹೇಳಿದ್ದರು, ಕಿರಿಯರು ನಂಬಿದ್ದರು.

ಊರಿಗೆ ಒಂದು ಕಟ್ಟಳೆ ಇತ್ತು. ಹಟ ಹಿಡಿದ ಮಗುವನ್ನು ಹೊಡೆಯುವಂತಿಲ್ಲ, ಬೈಯುವಂತಿಲ್ಲ. ಹೆತ್ತವಳೇ ಎತ್ತಿಕೊಂಡು ಹೋಗಿ ಕಲ್ಲಿನ ಮೇಲೆ ಕೂರಿಸಬೇಕು. ಕೂರಿಸಿ, ಕಣ್ಣು ಮುಚ್ಚಿ ಹೇಳಬೇಕು: ‘ಕಲ್ಲೇ ಕಲ್ಲೇ, ಹಟ ನಿನಗೆ, ಮಗು ನನಗೆ.’ ಹೇಳಿ ಬೆನ್ನು ತಿರುಗಿಸಬೇಕು. ಚೌಕದಲ್ಲಿ ಇದ್ದವರೆಲ್ಲ ಬೆನ್ನು ತಿರುಗಿಸಬೇಕು. ಮಗುವಿನ ವಯಸ್ಸು ಎಷ್ಟೋ ಅಷ್ಟು ಬಟ್ಟಲು ಮುಳುಗಬೇಕು. ಆಮೇಲೆ ತಾಯಿ ಹಿಂದೆ ಹಿಂದೆ ನಡೆದು, ಕೈ ಹಿಂದಕ್ಕೆ ಚಾಚಿ, ತಡವಿ ಮಗುವನ್ನು ಎತ್ತಿಕೊಳ್ಳಬೇಕು. ಕಲ್ಲಿನ ಮೇಲಿರುವ ಮಗುವನ್ನು ನೋಡಿದ ಕಣ್ಣು ಕೆಡುಕಿನ ಕಣ್ಣು.

ಕಟ್ಟಳೆ ಮಾಡಿದವರು ಕೆಟ್ಟವರಲ್ಲ, ಹಾಗೆ ತಿಳಿಯಬೇಡಿ. ಹಟದ ಗಳಿಗೆ ಮಗುವಿನ ಆಯುಸ್ಸಿಗೆ ಸೇರಬಾರದು ಅಂತ ಅವರ ಆಸೆ. ಅಕ್ಕಿಯಿಂದ ನೆಲ್ಲು ಆರಿಸಿದ ಹಾಗೆ, ಒಳ್ಳೆಯ ಗಳಿಗೆ ಮಗುವಿಗೆ, ಕೆಟ್ಟ ಗಳಿಗೆ ಕಲ್ಲಿಗೆ.

ಮೊಸರಿನವಳಿಗೆ ಒಬ್ಬಳೇ ಮಗಳು. ದೋಣಿಯವನು ಅವಳ ಗಂಡ. ಮನೆಯಲ್ಲಿ ಅತ್ತೆ. ಆ ಮಗು ಮಾತು ಕಲಿತಾಗ ಮೊದಲು ಆಡಿದ್ದು ಅವ್ವ ಅಂತ ಅಲ್ಲ, ಅಪ್ಪ ಅಂತಲೂ ಅಲ್ಲ. ‘ಒಲ್ಲೆ’ ಅಂದಿತು. ಊರಿನವರು ನಕ್ಕು, ಒಲ್ಲೆಮ್ಮ ಅಂತ ಕರೆದರು.

ಉಣ್ಣು ಅಂದರೆ ಒಲ್ಲೆ. ಉಣ್ಣಬೇಡ ಅಂದರೂ ಒಲ್ಲೆ. ಅಂಗಿಯನ್ನು ತಾನೇ ಹಾಕಿಕೊಳ್ಳಬೇಕು, ಒಳಮೈ ಹೊರಗೆ ಮಾಡಿ. ಸರಿ ಮಾಡಲು ಹೋದರೆ ಮನೆ ಹಾರುವಷ್ಟು ಕಿರುಚಾಟ. ಬಾಗಿಲನ್ನು ತಾನೇ ಹಾಕಬೇಕು. ಬೇರೆಯವರು ಹಾಕಿದರೆ ಅದನ್ನು ತೆಗೆದು, ಎಲ್ಲರೂ ಮತ್ತೆ ಹೊರಗೆ ಹೋಗಿ, ಮತ್ತೆ ಒಳಗೆ ಬರಬೇಕು. ದೋಣಿಯವನು ಅಷ್ಟು ದೊಡ್ಡ ಹೊಳೆಗೆ ಎದುರಾಗಿ ಹುಟ್ಟು ಹಾಕುವವನು, ಮಗಳ ಬಾಗಿಲಿಗೆ ಮಾತ್ರ ದಿನಕ್ಕೆ ನಾಲ್ಕು ಸಲ ಹೋಗಿ ಬರುತ್ತಿದ್ದ.

‘ಇವಳು ಹೊಟ್ಟೆಯಲ್ಲಿದ್ದಾಗ ಗುದ್ದಲಿ ನುಂಗಿದ್ದೆಯೇನೇ?’ ಅಂತ ಅತ್ತೆ ನಗುತ್ತಿದ್ದಳು.

ಒಲ್ಲೆಮ್ಮನಿಗೆ ಮೂರು ತುಂಬಿದ ಒಂದು ದಿನ ಮೊಸರಿನವಳು ಬಿಸಿ ರೊಟ್ಟಿಯನ್ನು ಎರಡಾಗಿ ಮುರಿದು ಕೊಟ್ಟಳು. ಮಗು ಮುರಿದ ರೊಟ್ಟಿಯನ್ನು ನೋಡಿತು. ಅವ್ವನ ಮುಖ ನೋಡಿತು.

‘ಇಡೀದು ಬೇಕು.’

‘ಎರಡೂ ನಿಂದೇ ಕಣವ್ವ. ಕೂಡಿಸಿದರೆ ಇಡೀದೇ.’

‘ಕೂಡಿಸು.’

ಮುರಿದ ರೊಟ್ಟಿ ಯಾರು ಕೂಡಿಸಿಯಾರು? ಮಗು ನೆಲಕ್ಕೆ ಬಿತ್ತು, ಹೊರಳಾಡಿತು, ಹಿಮ್ಮಡಿ ಬಡಿಯಿತು. ಪಕ್ಕದ ಮನೆಯ ಸುಣ್ಣದವಳು ಗೋಡೆಯ ಮೇಲಿನಿಂದ ಇಣುಕಿದಳು. ‘ಕಲ್ಲು ಇರೋದು ಯಾತಕ್ಕಮ್ಮ? ಕಾಗೆ ಕೂರೋಕಾ?’ ಸುಣ್ಣದವಳ ಮಗ ಒಳ್ಳೆಯ ಮಗು. ಏನು ಕೇಳಿದರೂ ‘ಹೂಂ’ ಅನ್ನುತ್ತಿದ್ದ, ಹೂಂಕಣ್ಣ ಅಂತಲೇ ಅವನ ಹೆಸರು. ಒಂದೇ ಸಲ ಕಲ್ಲಿನ ಮೇಲೆ ಕೂತು ಇಳಿದವನು, ಆಮೇಲೆ ಕಲ್ಲಿನ ಹೆಸರು ಎತ್ತಿದರೆ ಸಾಕು, ಹೂಂ.

ಮೊಸರಿನವಳು ಮಗಳನ್ನು ಎತ್ತಿಕೊಂಡು ಹೋದಳು. ಕೂರಿಸಿದಳು. ‘ಕಲ್ಲೇ ಕಲ್ಲೇ, ಹಟ ನಿನಗೆ, ಮಗು ನನಗೆ.’ ಬೆನ್ನು ತಿರುಗಿಸಿದಳು. ಡಣ್. ಡಣ್. ಡಣ್. ಮೂರು ಬಟ್ಟಲು ಮುಳುಗಿದವು. ಬೆನ್ನ ಹಿಂದೆ ಒಂದು ಸದ್ದೂ ಇರಲಿಲ್ಲ. ಸಮಾಧಾನವಾಗಿದೆ ಅಂದುಕೊಂಡು, ಹಿಂದೆ ಹಿಂದೆ ನಡೆದು, ತಡವಿ ಎತ್ತಿಕೊಂಡಳು.

ಕಲ್ಲಿನಿಂದ ಮೈ ಎದ್ದಿತೋ ಇಲ್ಲವೋ, ಅದೇ ಕಿರುಚಾಟ. ‘ಕೂಡಿಸು!’

ಚೌಕದವರು ತಿರುಗಿ ನೋಡಿದರು. ಸುಣ್ಣದವಳು ಕೆನ್ನೆ ಕೆನ್ನೆ ಬಡಿದುಕೊಂಡಳು. ‘ಮೂರು ಬಟ್ಟಲು ಕೂತರೂ ಇಳಿದಿಲ್ಲವಲ್ಲೇ ಈ ಹಟ! ಇದು ಹೆಣ್ಣೋ ಹಾರೆಯೋ? ಇನ್ನೊಂದು ಸಲ ಕೂರಿಸು.’

ಇನ್ನೊಂದು ಸಲ ಕೂರಿಸಿದಳು. ಎತ್ತಿದಳು. ಅದೇ ಅಳು. ಮತ್ತೊಂದು ಸಲ ಕೂರಿಸಿದಳು. ಸಂಜೆಗೆ ಅತ್ತೆ ಬಂದು, ‘ಮನೆಗೆ ಕರಕೊಂಡು ಬಾರೇ, ಕತ್ತಲಾಯ್ತು’ ಅಂದಳು. ಮನೆಯಲ್ಲಿ ಮಗು ಅತ್ತು ಅತ್ತು, ಅಜ್ಜಿಯ ಸೆರಗು ಹಿಡಿದು ಮಲಗಿತು.

ಹೀಗೆ ಶುರುವಾಯಿತು ನೋಡಿ. ಆ ಊರಿನ ಎಷ್ಟೋ ಮಕ್ಕಳು ಕಲ್ಲಿನ ಮೇಲೆ ಕೂತವರೇ. ಆದರೆ ಇಳಿಯುವಾಗ ಗಂಟಲಲ್ಲಿದ್ದ ಅಳುವನ್ನು ಅವರು ಹೆದರಿ ನುಂಗಿಬಿಡುತ್ತಿದ್ದರು. ಒಲ್ಲೆಮ್ಮ ನುಂಗಲಿಲ್ಲ. ನುಂಗದ್ದಕ್ಕೆ ಮತ್ತೆ ಕಲ್ಲು, ಕಲ್ಲಿಳಿದರೆ ಮತ್ತೆ ಅಳು, ಅತ್ತರೆ ಮತ್ತೆ ಕಲ್ಲು. ದಿನದ ಮುಕ್ಕಾಲು ಪಾಲು ಕಲ್ಲಿನ ಮೇಲೆಯೇ ಕಳೆಯಿತು.

ಮೂರು ತುಂಬಿದ ಮೇಲೆ ಪ್ರತಿ ಯುಗಾದಿಗೆ, ಮನೆಯ ಗೋಡೆಯಲ್ಲಿ ಹೋದ ವರ್ಷದ ಪಾದದ ಪಕ್ಕಕ್ಕೆ ಗೇಣಗಲ ಹೊಸ ಸುಣ್ಣ ಬಳಿದು, ಅದು ಹಸಿಯಿರುವಾಗಲೇ ಮಗುವಿನ ಬಲಪಾದ ಒತ್ತಿಸುವುದು ಆ ಊರಿನ ಪದ್ಧತಿ. ಒತ್ತಿಸುವವಳು ಸುಣ್ಣದವಳು. ಒಂದು ಯುಗಾದಿ ಬಂತು, ಒತ್ತಿಸಿದಳು. ಇನ್ನೊಂದು ಬಂತು, ಒತ್ತಿಸಿದಳು. ನಾಲ್ಕನೆಯ ಯುಗಾದಿಗೆ ಸುಣ್ಣದವಳು ಗೋಡೆಯ ಮುಂದೆ ಕೂತವಳು ಏಳಲೇ ಇಲ್ಲ. ಗೇಣು ಹಾಕಿ ಅಳೆದಳು. ಬೆರಳು ಇಟ್ಟು ಅಳೆದಳು.

‘ಏನೇ ಮೊಸರಮ್ಮ, ನಾಲ್ಕೂ ಒಂದೇ ಪಾದದಂಗವೆ.’

ಮೊಸರಿನವಳು ನೋಡಿದಳು. ನಾಲ್ಕು ಸಣ್ಣ ಪಾದಗಳು, ಒಂದಕ್ಕೂ ಇನ್ನೊಂದಕ್ಕೂ ಒಂದು ಅಕ್ಕಿಕಾಳಿನಷ್ಟೇ ಹೆಚ್ಚು ಕಡಿಮೆ. ಪಕ್ಕದ ಮನೆಯ ಹೂಂಕಣ್ಣ ಹಾಲುಹಲ್ಲು ಬೀಳಿಸಿಕೊಂಡು, ಹೊಳೆ ಈಜಿ, ಮರ ಹತ್ತುತ್ತಿದ್ದ. ಅವನು ಹುಟ್ಟಿದ ವರ್ಷವೇ ಹುಟ್ಟಿದ ಒಲ್ಲೆಮ್ಮ ಇನ್ನೂ ಹೊಸ್ತಿಲನ್ನು ಕೈಯೂರಿ ದಾಟುತ್ತಿದ್ದಳು. ಆದರೆ ಬಟ್ಟಲಜ್ಜ ಎಣಿಸುವುದು ಪಾದವನ್ನಲ್ಲ, ಯುಗಾದಿಯನ್ನು. ಅವನ ಎಣಿಕೆಗೆ ಅವಳಿಗೆ ಏಳು. ಮೂರರ ಮೈಗೆ ಏಳು ಬಟ್ಟಲು.

ಮಗು ಒಂದೊಂದು ಸಲ ಏನೇನೋ ಕೇಳುತ್ತಿತ್ತು. ಕಲ್ಲಿನಿಂದ ಎತ್ತಿಕೊಂಡು ಬರುವಾಗ, ಅಳುವಿನ ನಡುವೆ, ‘ಅವ್ವಾ, ಬಿಸಿಲು ಎಲ್ಲೋಯ್ತು?’

‘ಹೊತ್ತು ಇಳೀತು ಕಣವ್ವ. ಎಷ್ಟು ಹೊತ್ತು ಕೂತಿದ್ದೆ ನೀನು!’

‘ಇಲ್ಲ. ಈಗ ಕೂತೆ.’

ಹುಡುಗಾಟದ ಮಾತು ಅಂದುಕೊಂಡಳು ಮೊಸರಿನವಳು. ಆದರೆ ಮಗು ಆಮೇಲಾಮೇಲೆ ರೆಪ್ಪೆ ಮುಚ್ಚಲು ಹೆದರತೊಡಗಿತು. ಕಲ್ಲು ಕಂಡ ಕೂಡಲೇ ಎರಡೂ ಕಣ್ಣನ್ನು ಬೆರಳಲ್ಲಿ ಅಗಲಿಸಿ ಹಿಡಿಯುತ್ತಿತ್ತು. ಯಾಕವ್ವ ಅಂದರೆ, ‘ಮುಚ್ಚಿದರೆ ನೀನು ಬೇರೆ ಸೀರೆ ಉಟ್ಟಿರ್ತೀಯ,’ ಅಂದಿತು.

ಆ ಮಾತು ಮೊಸರಿನವಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಯುಗಾದಿ ಕಳೆದ ಮಾರನೆಯ ದಿನ ಚೌಕದಲ್ಲಿ ಊರು ಸೇರಿತು. ಬಟ್ಟಲಜ್ಜ ಗಂಟಲು ಸರಿಮಾಡಿಕೊಂಡ. ಒಳ್ಳೆಯ ಮುದುಕ, ಮಕ್ಕಳನ್ನು ಕಂಡರೆ ಸೊಂಟದ ಚೀಲದಿಂದ ಕಡಲೆ ತೆಗೆದು ಕೊಡುವವನು. ಅವತ್ತು ಅವನ ಮುಖವೂ ಬಾಡಿತ್ತು.

‘ನಾಲ್ಕು ವರ್ಷದಿಂದ ಬಟ್ಟಲು ಮುಳುಗಿಸಿ ಮುಳುಗಿಸಿ ನನ್ನ ಕೈ ನೆನೆದು ಹೋಯ್ತು. ಏಳು ಬಟ್ಟಲಿಗೂ ಈ ಹಟ ಬಗ್ಗಲಿಲ್ಲ. ಇನ್ನು ಇದಕ್ಕೆ ಬಟ್ಟಲಿಲ್ಲದ ಕೂರಿಕೆ. ಏಳು ದಿನ ಬಿಟ್ಟು ಕೂರಿಸೋಣ. ಹಟ ಇಳಿದ ದಿನ ಮಗುವೇ ಹೂಂ ಅಂತ ಇಳಿದು ಬರಲಿ. ಅಲ್ಲೀವರೆಗೂ ಯಾರೂ ಎತ್ತಬಾರದು.’

ಊರು ಹೂಂ ಅಂದಿತು. ದೋಣಿಯವನು ನೆಲ ನೋಡಿದ.

ಅದಾಗಿ ಮೂರನೆಯ ದಿನ ಮಗು ಮತ್ತೆ ಹಟ ಹಿಡಿಯಿತು. ಕೈಯಲ್ಲಿ ಹಂಚಿನಿಂದ ಆಗ ತಾನೇ ತೆಗೆದ ರೊಟ್ಟಿ. ಅದನ್ನು ಬಿಡಲೊಲ್ಲದು, ತಿನ್ನಲೂ ಒಲ್ಲದು. ಹಾಗೇ ಎತ್ತಿಕೊಂಡು ಹೋಗಿ ಕೂರಿಸಿದಳು. ಏಳು ಬಟ್ಟಲು ಮುಳುಗಿ, ಮಧ್ಯಾಹ್ನ ಸಂಜೆಯಾಗಿ, ಎತ್ತಿಕೊಂಡಾಗ ಮಗುವಿನ ಮುಷ್ಟಿ ಅವಳ ಕುತ್ತಿಗೆಗೆ ತಾಗಿತು.

ರೊಟ್ಟಿ ಸುಡುತ್ತಿತ್ತು.

ಅವಳು ನಿಂತಳು. ಮುಟ್ಟಿ ನೋಡಿದಳು. ಹೌದು, ಹಂಚಿನ ಬಿಸಿ.

ಮಾರನೆಯ ದಿನ ಮತ್ತೆ ಕೂರಿಸುವ ಹೊತ್ತು ಬಂತು. ಮಧ್ಯಾಹ್ನ. ಚೌಕದಲ್ಲಿ ನಾಲ್ಕಾರು ಜನ, ಎಲ್ಲರದೂ ಬೆನ್ನು. ಬಟ್ಟಲಜ್ಜನ ಕಣ್ಣು ಬಟ್ಟಲಿನ ಮೇಲೆ. ಮೊಸರಿನವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ಊರು ಹುಟ್ಟಿದಾಗಿನಿಂದ ಯಾವ ತಾಯಿಯೂ ಮಾಡದ ಕೆಲಸ ಮಾಡಿದಳು. ತಿರುಗಿ ನೋಡಿದಳು.

ಮಗು ಅಳುತ್ತಿರಲಿಲ್ಲ. ಮಗು ಸುಮ್ಮನೆಯೂ ಇರಲಿಲ್ಲ. ಬಾಯಿ ತೆರೆದಿತ್ತು, ತೆರೆದ ಹಾಗೇ ಇತ್ತು. ಗಾಳಿಗೆ ಎದ್ದ ಮುಂಗುರುಳು ಇಳಿಯದೆ ನಿಂತಿತ್ತು. ಕೆನ್ನೆಯ ನಡುವೆ ಒಂದು ಕಣ್ಣೀರ ಹನಿ, ಕೆಳಗೆ ಜಾರಬೇಕಾದದ್ದು, ಜಾರದೆ ಕೂತಿತ್ತು. ಎರಡು ಕೈ ಅವಳ ಕಡೆಗೇ ಚಾಚಿಕೊಂಡಿದ್ದವು.

ಆಗ ಅವಳಿಗೆ ಎಲ್ಲ ತಿಳಿಯಿತು. ಕಲ್ಲಿಗೆ ಕಾಲ ಮುಟ್ಟುವುದಿಲ್ಲ ಅಂತ ಎಲ್ಲರೂ ಹೇಳಿದ್ದರು. ಕಾಲ ಮುಟ್ಟದ ಕಡೆ ರೊಟ್ಟಿಯೂ ಆರದು, ಕೋಪವೂ ಆರದು ಅಂತ ಯಾರೂ ಯೋಚಿಸಿರಲಿಲ್ಲ. ಮಗುವಿನ ಪಾಲಿಗೆ ಏಳು ಬಟ್ಟಲೂ ಇಲ್ಲ, ಅರ್ಧ ಬಟ್ಟಲೂ ಇಲ್ಲ. ಅವ್ವ ಇದ್ದಳು, ಅವ್ವ ಬೆನ್ನು ತಿರುಗಿಸಿದಳು, ರೆಪ್ಪೆ ಬಿಚ್ಚುವುದರಲ್ಲಿ ಬಿಸಿಲಿಲ್ಲ. ಅಷ್ಟೇ. ಇನ್ನು ಬಟ್ಟಲಿಲ್ಲದೆ ಕೂರಿಸಿದರೆ? ಹೂಂ ಅನ್ನುವುದಕ್ಕೂ ಒಂದು ಗಳಿಗೆ ಬೇಕಲ್ಲ. ಆ ಗಳಿಗೆ ಕಲ್ಲಿನ ಮೇಲೆ ಬರುವುದೇ ಇಲ್ಲ. ಊರು ಹಳೆಯದಾಗುತ್ತದೆ, ತಾನು ಸಾಯುತ್ತೇನೆ, ಮಗು ಕೈ ಚಾಚಿಕೊಂಡು ಕೂತೇ ಇರುತ್ತದೆ.

ಗಂಡನಿಗೆ ಹೇಳಿದಳು. ದೋಣಿಯವನ ಕೈಯಿಂದ ತುತ್ತು ಜಾರಿತು. ‘ನೋಡಿದೆ ಅಂತ ಬಾಯಿ ಬಿಡಬ್ಯಾಡ ಕಣೇ. ಕೆಡುಕಿನ ಕಣ್ಣಿನವಳು ಅಂತಾರೆ. ಆಮೇಲೆ ನಿನ್ನ ಮಾತೂ ನಂಬಲ್ಲ, ಮಗೂನೂ ಬಿಡಲ್ಲ.’

‘ಮತ್ತೆ ಏನು ಮಾಡ್ಲಿ?’

ಒಲೆಯ ಮುಂದೆ ಕೂತಿದ್ದ ಅತ್ತೆ, ತಲೆ ಎತ್ತದೆ, ‘ಮಗೂನ ತಾನೇ ನೋಡಬಾರದು? ಹಾಲು ನೋಡಬಾರದು ಅಂತ ಯಾರು ಹೇಳವರೆ?’ ಅಂದಳು.

ಮೊಸರಿನವಳು ಅತ್ತೆಯ ಮುಖ ನೋಡಿದಳು. ಎದ್ದು ಹಾಲು ಕಾಯಿಸಿದಳು. ಉಗುರುಬೆಚ್ಚಗಾಗುವವರೆಗೂ ಕಾದು, ಎರಡು ಗಡಿಗೆಗೆ ಸರಿಪಾಲು ಸುರಿದಳು. ಅತ್ತೆ ತನ್ನ ಕೈಯಾರೆ ಎರಡಕ್ಕೂ ಒಂದೊಂದು ಬೆರಳು ಹೆಪ್ಪು ಹಾಕಿದಳು. ಒಂದು ಗಡಿಗೆ ಒಲೆಯ ಪಕ್ಕದ ಬೂದಿಯಲ್ಲಿ, ಕಂಬಳಿ ಹೊದ್ದು ಕೂತಿತು. ಇನ್ನೊಂದನ್ನು ಮೊಸರಿನವಳು ಸೊಂಟದ ಮೇಲಿಟ್ಟುಕೊಂಡು ಚೌಕಕ್ಕೆ ಹೋಗಿ ಕಲ್ಲಿನ ಮೇಲಿಟ್ಟಳು.

‘ಇದೇನೇ?’ ಅಂದ ಬಟ್ಟಲಜ್ಜ.

‘ಹಾಲು ಅಜ್ಜ. ಹೆಪ್ಪಾಗಲ್ಲ ಅಂತ ಹಟ ಹಿಡಿದೈತೆ. ಕೂರಿಸಿದೀನಿ.’

‘ಹಾಲಿಗೂ ಹಟವಾ? ನಿಮ್ಮನೆ ನೀರೇ ಸರಿಯಿಲ್ಲ ಬಿಡು. ಎಷ್ಟು ಬಟ್ಟಲು?’

‘ಏಳನೇ ದಿನದವರೆಗೂ ಇರಲಿ.’

ಏಳನೆಯ ದಿನ ಊರು ಸೇರಿತು. ಮೊಸರಿನವಳು ಮಗಳ ಕೈ ಹಿಡಿದು ಬಂದಳು. ಅತ್ತೆ ಮನೆಯ ಗಡಿಗೆ ಹಿಡಿದು ಬಂದಳು. ಮೊಸರಿನವಳು ಕಲ್ಲಿನ ಮೇಲಿದ್ದ ಗಡಿಗೆ ಎತ್ತಿ, ಮುಚ್ಚಳ ತೆಗೆದು, ಬಟ್ಟಲಜ್ಜನ ಮುಂದಿಟ್ಟಳು.

‘ಬೆರಳಿಡಜ್ಜ.’

ಬಟ್ಟಲಜ್ಜ ಬೆರಳಿಟ್ಟ. ಬೆರಳು ಒಳಗೇ ಉಳಿಯಿತು. ‘ಹಾಲು,’ ಅಂದ. ಆಮೇಲೆ ಮೆಲ್ಲಗೆ, ‘ಬೆಚ್ಚಗೈತೆ,’ ಅಂದ.

‘ಇಟ್ಟು ಮೂರು ದಿನವಾಯ್ತು.’

‘ಹೆಪ್ಪೇ ಹಾಕಿಲ್ಲ ಇವಳು!’ ಸುಣ್ಣದವಳು ಕೂಗಿದಳು. ‘ಮಗಳ ಹಟ ಮುಚ್ಚೋಕೆ ಹಾಲಿನ ಮೇಲೆ ಹೇಳ್ತಾವಳೆ.’

‘ಹಾಕಿದ್ದು ನಾನು,’ ಅಂದಳು ಅತ್ತೆ. ‘ನಿನ್ನ ಮದುವೆ ಊಟದ ಮೊಸರಿಗೂ ಹೆಪ್ಪು ಹಾಕಿದ್ದು ಇದೇ ಕೈ. ಆವತ್ತು ಮೂರು ಸಲ ಹಾಕಿಸಿಕೊಂಡು ಉಂಡೆ. ಅದು ಹೆಪ್ಪಾಗಿತ್ತಲ್ಲ?’

ಜನ ನಕ್ಕರು. ಸುಣ್ಣದವಳು ಬಾಯಿ ಮುಚ್ಚಿಕೊಂಡಳು.

ಮೊಸರಿನವಳು ಹೇಳಿದಳು: ‘ಹಾಲಿಗೆ ಬೆಚ್ಚನೆ ಜಾಗ ಬೇಕಜ್ಜ, ಹೊತ್ತೂ ಬೇಕು. ಆಗಲೇ ಮೊಸರು. ಮೂರು ದಿನಕ್ಕೆ ಹಾಲೇ ತಿರುಗದ ಕಲ್ಲಿನ ಮೇಲೆ, ಮಗು ಏಳು ಬಟ್ಟಲಿಗೆ ಹೇಗೆ ತಿರುಗತ್ತೆ? ಅದರ ಲೆಕ್ಕಕ್ಕೆ ಅದು ಕೂತೇ ಇಲ್ಲ. ನಾಲ್ಕು ವರ್ಷದಿಂದ ನಾವೇ ಕೂತಿರೋದು.’

ಬಟ್ಟಲಜ್ಜ ಅತ್ತೆಯ ಕೈಯಲ್ಲಿದ್ದ ಇನ್ನೊಂದು ಗಡಿಗೆಗೆ ಕೈ ಚಾಚಿದ, ಅದನ್ನೂ ನೋಡೋಣ ಅಂತ. ಅಷ್ಟರಲ್ಲಿ ಒಲ್ಲೆಮ್ಮ ನಡುವೆ ನುಗ್ಗಿದಳು. ‘ನಾನೇ! ನಾನೇ ಕೊಡ್ತೀನಿ!’ ಗಡಿಗೆಯ ಕಂಠಕ್ಕೆ ಎರಡೂ ಕೈ ಹಾಕಿದಳು. ಅಜ್ಜ ಆ ಕಡೆ ಎಳೆದ, ಮಗು ಈ ಕಡೆ ಎಳೆಯಿತು. ಗಡಿಗೆ ನೆಲಕ್ಕೆ ಬಿದ್ದು ಒಡೆಯಿತು. ಗಟ್ಟಿ ಮೊಸರು ಹೆಂಟೆ ಹೆಂಟೆಯಾಗಿ ಚೌಕದ ಮಣ್ಣಿನ ಮೇಲೆ ಚೆಲ್ಲಿತು.

ಮಗು ಕಿರುಚಿತು. ನೆಲಕ್ಕೆ ಬಿತ್ತು. ಹಿಮ್ಮಡಿ ಬಡಿಯಿತು.

ಊರು, ಯಾರೂ ಹೇಳದೆ, ಒಂದೇ ಸಲ ಬೆನ್ನು ತಿರುಗಿಸಿತು. ಬಟ್ಟಲಜ್ಜನ ಕೈ, ಅವನಿಗೇ ತಿಳಿಯದ ಹಾಗೆ, ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟಿತು. ‘ಕೂರಿಸು,’ ಅಂದ.

ಮೊಸರಿನವಳು ಮಗುವನ್ನು ಎತ್ತಿಕೊಂಡಳು. ಮಗು ಅವಳ ಎದೆಗೆ ಒದ್ದಿತು, ಕೂದಲು ಜಗ್ಗಿತು. ಅವಳು ಕಲ್ಲಿನ ಕಡೆ ನಡೆದಳು. ಬೆನ್ನು ತಿರುಗಿಸಿದವರಿಗೆಲ್ಲ ಹೆಜ್ಜೆಯ ಸದ್ದು ಕೇಳುತ್ತಿತ್ತು. ಹತ್ತು ಹೆಜ್ಜೆ. ಹನ್ನೆರಡು. ಹದಿನೈದು. ಹೆಜ್ಜೆ ನಿಂತಿತು.

ಅವಳು ಬರೀ ನೆಲದ ಮೇಲೆ ಕೂತಳು. ಮಗುವನ್ನು ಪಕ್ಕದಲ್ಲಿ ಕೂರಿಸಿದಳು. ಕಲ್ಲನ್ನು ನೋಡಿ, ಗಟ್ಟಿಯಾಗಿ, ಊರಿಗೆಲ್ಲ ಕೇಳುವ ಹಾಗೆ ಹೇಳಿದಳು: ‘ಕಲ್ಲೇ ಕಲ್ಲೇ, ಮಗುವೂ ನನಗಿರಲಿ, ಹಟವೂ ನನಗಿರಲಿ.’

ಆಮೇಲೆ ಮಗುವಿಗೆ, ‘ಅಳು ಕಣವ್ವ. ನಾನು ಇಲ್ಲೇ ಇದೀನಿ,’ ಅಂದಳು.

ಮಗು ಅತ್ತಿತು. ಮೊದಲು ಕಿರುಚಿ ಅತ್ತಿತು, ಕಾಗೆಗಳು ಹಾರಿಹೋದವು. ಆಮೇಲೆ ಕೆಮ್ಮಿ ಕೆಮ್ಮಿ ಅತ್ತಿತು. ಆಮೇಲೆ ರಾಗವಾಗಿ ಅತ್ತಿತು, ತನ್ನ ಅಳುವನ್ನು ತಾನೇ ಕೇಳಿಸಿಕೊಳ್ಳುತ್ತಾ. ಮೊಸರಿನವಳು ಸಮಾಧಾನ ಮಾಡಲೂ ಇಲ್ಲ, ಗದರಿಸಲೂ ಇಲ್ಲ. ಬಿಸಿಲಿಗೆ ಸೆರಗು ಅಡ್ಡ ಹಿಡಿದು ಕೂತಿದ್ದಳು. ಅಳು ಬಿಕ್ಕಾಯಿತು. ಬಿಕ್ಕು ತೆಳ್ಳಗಾಯಿತು. ಕೆನ್ನೆಯ ಮೇಲಿನ ಹನಿ ಜಾರಿ, ಗಲ್ಲ ದಾಟಿ, ನೆಲಕ್ಕೆ ಬಿತ್ತು. ಮಗು ಒಂದು ದೊಡ್ಡ ಉಸಿರು ಬಿಟ್ಟಿತು. ಉಸಿರು ಬಿಟ್ಟು, ಅವ್ವನ ತೋಳಿಗೆ ಒರಗಿತು.

ಆ ಊರಿನಲ್ಲಿ ಒಂದು ಅಳು ಹೀಗೆ ಬೀದಿಯ ನಡುವೆ ತನ್ನ ದಾರಿಯೆಲ್ಲ ನಡೆದು ಕೊನೆ ಮುಟ್ಟಿದ್ದನ್ನು ಯಾರೂ ಕೇಳಿರಲಿಲ್ಲ. ಒಬ್ಬೊಬ್ಬರೇ ತಿರುಗಿ ನೋಡಿದರು.

ಗುಳುಕ್.

‘ಅವ್ವಾ!’ ಮಗು ಎದ್ದು ಕೂತಿತು. ‘ಬಟ್ಟಲು ಮುಳುಗ್ತು!’

ಅಷ್ಟು ಸಾವಿರ ಬಟ್ಟಲು ಮುಳುಗಿದ್ದವು ಅವಳ ಹೆಸರಿನಲ್ಲಿ. ಒಂದನ್ನಾದರೂ ಅವಳು ಕಂಡಿರಲಿಲ್ಲ. ಓಡಿ ಹೋಗಿ ಕೊಪ್ಪರಿಗೆಯ ಅಂಚು ಹಿಡಿದು ಇಣುಕಿದಳು. ‘ಅಜ್ಜಾ, ಇನ್ನೊಂದ್ಸಲ ಮುಳುಗಿಸು.’

ಬಟ್ಟಲಜ್ಜ ಜಾಗಟೆ ಹೊಡೆಯುವುದನ್ನೇ ಮರೆತು ನಿಂತಿದ್ದ. ‘ಒಂದೇ ಬಟ್ಟಲು,’ ಅಂದ. ‘ಒಂದೇ ಬಟ್ಟಲಿಗೆ ಮುಗೀತು.’

‘ಗಡಿಗೆ ಒಡೆದೆಯಲ್ಲವ್ವ,’ ಅಂದಳು ಮೊಸರಿನವಳು. ‘ಚೂರು ಯಾರು ಎತ್ತಬೇಕು?’

‘ನಾನೇ!’ ಅಂದಳು ಒಲ್ಲೆಮ್ಮ, ಯಾರೋ ಕಿತ್ತುಕೊಳ್ಳುತ್ತಾರೆ ಅನ್ನುವ ಹಾಗೆ. ಒಂದೊಂದೇ ಚೂರು ಎತ್ತಿ ಅಂಗಿಯ ಮಡಿಲಿಗೆ ಹಾಕಿಕೊಂಡಳು. ಮೊಸರನ್ನು ಅಷ್ಟರಲ್ಲಿ ಒಂದು ನಾಯಿ ನೆಕ್ಕಿ ಮುಗಿಸಿತ್ತು.

ಎಲ್ಲರೂ ಅದನ್ನೇ ನೋಡುತ್ತಿದ್ದಾಗ ಅತ್ತೆ ಸುಮ್ಮನೆ ಬಂದು ಸೊಸೆಯ ಪಕ್ಕ ನೆಲದ ಮೇಲೆ ಕೂತಳು. ಮಂಡಿ ನೋವಿನ ಮುದುಕಿ, ಕೂರುವುದಕ್ಕೇ ಹೊತ್ತು ಬೇಕಾಯಿತು.

‘ಏನತ್ತೆ?’

‘ನಂದೂ ಒಂದು ಉಳಿದೈತೆ ಕಣೇ,’ ಅಂದಳು ಅತ್ತೆ. ‘ನನಗಾಗ ನಾಲ್ಕು ವರ್ಷ. ಹಸಿರು ಬಳೆ ಬೇಕು ಅಂದಿದ್ದೆ. ನಮ್ಮವ್ವ ಕೂರಿಸಿದ್ಲು. ಇಳಿದಾಗ ಅಳು ಗಂಟಲಲ್ಲೇ ಇತ್ತು, ಹೆದರಿ ನುಂಗಿಬಿಟ್ಟೆ. ಇಲ್ಲೇ ಐತೆ.’ ಎದೆ ಮುಟ್ಟಿಕೊಂಡಳು.

‘ಅತ್ತುಬಿಡಿ ಅತ್ತೆ. ನಾನು ಇಲ್ಲೇ ಇದೀನಿ.’

ಅರವತ್ತು ವರ್ಷದ ಹಿಂದಿನ ಆ ಅಳು ಅವತ್ತು ಚೌಕದಲ್ಲಿ ಹೊರಗೆ ಬಂತು. ಸಣ್ಣ ಮಗುವಿನ ದನಿಯಲ್ಲಿ ಬಂತು. ಯಾರೂ ನಗಲಿಲ್ಲ. ಯಾರ ಯಾರ ಕೈ ಯಾರ ಯಾರ ಎದೆಯ ಮೇಲಿತ್ತೋ, ದೇವರಿಗೇ ಗೊತ್ತು. ದೋಣಿಯವನು ತಲೆಗೆ ಕಟ್ಟಿದ ವಸ್ತ್ರ ಬಿಚ್ಚಿ ಮುಖ ಮುಚ್ಚಿಕೊಂಡ.

ಅವತ್ತಿನಿಂದ ಕಟ್ಟಳೆ ಬೇರೆಯಾಯಿತು. ಹಟ ಹಿಡಿದ ಮಗು ಆಟ ಬಿಟ್ಟು ಬಂದು ಕೂರಲೇಬೇಕು; ಅದು ತಪ್ಪಲಿಲ್ಲ. ಆದರೆ ಕೂರುವುದು ಚೌಕದ ಅಂಚಿನ ಹೊಂಗೆ ಮರದ ನೆರಳಿನಲ್ಲಿ, ಮಣ್ಣಿನ ಮೇಲೆ, ಹೆತ್ತವರ ಪಕ್ಕದಲ್ಲಿ. ಬೆನ್ನು ತಿರುಗಿಸುವಂತಿಲ್ಲ. ಅಳು ಮುಗಿಯುವವರೆಗೆ ಕೂರಬೇಕು, ಮುಗಿದ ಮೇಲೆ ಕೆಡಿಸಿದ್ದನ್ನು ಸರಿಮಾಡಬೇಕು. ಎಷ್ಟು ಬಟ್ಟಲು ಅಂತ ಅಳುವೇ ಹೇಳುತ್ತದೆ.

ಇನ್ನು ಯಾರು ಯಾರು ಏನಾದರು ಅಂತ ಕೇಳುತ್ತೀರಿ, ಗೊತ್ತು. ಹೇಳುತ್ತೇನೆ.

ಬಟ್ಟಲಜ್ಜ ಮುಪ್ಪಿನಲ್ಲಿ ಕಣ್ಣು ಕಳೆದುಕೊಂಡ, ಕಿವಿಯಿಂದಲೇ ಬಟ್ಟಲು ಕಾಯ್ದ. ಯಾವ ಮನೆಯಲ್ಲಿ ಯಾವ ಮಗು ಅತ್ತರೂ, ಇನ್ನು ಇಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಹೇಳಬಲ್ಲವನಾಗಿದ್ದ. ತಪ್ಪುತ್ತಲೂ ಇದ್ದ.

ಸುಣ್ಣದವಳ ಮಗ ಹೂಂಕಣ್ಣ ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದು ದಿನ ಅವ್ವನಿಗೆ ‘ಊಹೂಂ’ ಅಂದ. ಸುಣ್ಣದವಳ ಕೈಯಿಂದ ಸುಣ್ಣದ ಗಡಿಗೆಯೇ ಬಿತ್ತು. ಅವಳು ಓಡಿ ಬಂದದ್ದು ಮೊಸರಿನವಳ ಹತ್ತಿರ. ‘ಏನು ಮಾಡ್ಲೇ?’ ‘ಪಕ್ಕದಲ್ಲಿ ಕೂತ್ಕೋ,’ ಅಂದಳು ಮೊಸರಿನವಳು. ತಾಯಿ ಮಗ ಅವತ್ತು ಹೊಂಗೆ ನೆರಳಿನಲ್ಲಿ ಒಂಬತ್ತು ಬಟ್ಟಲು ಕೂತಿದ್ದರಂತೆ. ಆಮೇಲೆ ಅವನು ಆ ಊರಿಗೇ ಒಳ್ಳೆಯ ಗಾರೆಯವನಾದ.

ಅತ್ತೆ ಹಸಿರು ಬಳೆ ತೊಟ್ಟುಕೊಂಡೇ ಸತ್ತಳು. ಸೊಸೆ ಕೊಡಿಸಿದ್ದು.

ದೋಣಿಯವನು ಮಗಳಿಗೆ ಹುಟ್ಟು ಹಾಕಲು ಕಲಿಸಿದ. ತಾನು ಈ ಕಡೆ ಅಂದರೆ ಅವಳು ಆ ಕಡೆ ಅನ್ನುತ್ತಿದ್ದಳು, ಹಾಗಾಗಿ ಅವರ ದೋಣಿ ಎಷ್ಟೋ ಸಲ ನಡುಹೊಳೆಯಲ್ಲಿ ಗಿರಗಿರನೆ ಸುತ್ತಿತು. ಹತ್ತಿದ ಜನ ಅದಕ್ಕೂ ಒಗ್ಗಿಕೊಂಡರು.

ಕಲ್ಲು ಅಲ್ಲೇ ಇದೆ. ಅದರ ಮೇಲೆ ಈಗ ಮದುವೆ ಮನೆಯವರು ಮಲ್ಲಿಗೆ ದಂಡೆ ಇಡುತ್ತಾರೆ, ಬಾಡದಿರಲಿ ಅಂತ.

ಒಲ್ಲೆಮ್ಮ ತನ್ನ ಜೊತೆಯವರಿಗಿಂತ ಮೂರು ವರ್ಷ ತಡವಾಗಿ ಬೆಳೆದಳು, ಆದರೆ ಬೆಳೆದಳು. ಹಲ್ಲು ಬಿದ್ದವು, ಹುಟ್ಟಿದವು. ದೊಡ್ಡವಳಾದಳು. ಒಲ್ಲೆ ಅನ್ನಬೇಕಾದ ಕಡೆ ಊರೆಲ್ಲ ಹೂಂ ಅಂದಾಗಲೂ ಅವಳು ಒಲ್ಲೆ ಅಂದಳು, ಅದರಿಂದ ಊರಿಗೆ ಎರಡು ಸಲ ಒಳ್ಳೆಯದಾಯಿತು. ಮೂರನೆಯ ಸಲ ಅವಳದೇ ತಪ್ಪಾಗಿತ್ತು, ಅದನ್ನು ಅವಳು ಎರಡು ದಿನ ಬಿಟ್ಟು ಒಪ್ಪಿದಳು.

ಮೊಸರಿನವಳು? ಅವಳು ಮುದುಕಿಯಾದಳು. ಒಂದು ಕೂದಲು ನರೆಯಿತು, ಆಮೇಲೆ ಇನ್ನೊಂದು. ಒಂದು ಸುಕ್ಕು ಬಂತು, ಆಮೇಲೆ ಇನ್ನೊಂದು. ಯಾವುದೂ ಒಮ್ಮೆಗೇ ಬರಲಿಲ್ಲ. ಮಗಳು ಪ್ರತಿಯೊಂದನ್ನೂ ಕಂಡಳು. ದಿನಕ್ಕೆ ಒಂದೇ ದಿನದಂತೆ, ಮಗಳ ಕಣ್ಣೆದುರಿನಲ್ಲಿ, ಮೊಸರಿನವಳು ನಿಧಾನವಾಗಿ ಮುದುಕಿಯಾದಳು.